ಬಸರಿ ಎಲೆಯೂ ನನ್ನ ಬಲೆಯೂ

ಬೇಲಿಯಾಚೆಯ ಮರದ ಹಣ್ಣು ನಮ್ಮ ಅಂಗಳಕ್ಕೆ ಬಿದ್ದರೆ ಅದು ಯಾರದು ಎಂಬ ಬಗ್ಗೆ ನಮ್ಮೂರಿನಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಹಲಸಿನ ಹಣ್ಣಾದರೆ ಮಾತು ಬೆಳೆಯುತ್ತದೆ, ತೆಂಗಿನಕಾಯಾದರೆ ಮಾತು ನಿಲ್ಲುತ್ತದೆ. ಆದರೆ ಆಚೆ ಮನೆಯ ಮರದ ಎಲೆ ಬಿದ್ದರೆ ಅದು ಯಾರದು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಕೇಳಿದವನು ನಾನೊಬ್ಬನೇ. ಕೇಳಿದ್ದಷ್ಟೇ ಅಲ್ಲ, ತೀರ್ಪನ್ನೂ ನಾನೇ ಕೊಟ್ಟುಕೊಂಡು ಜಾರಿಗೂ ತಂದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ನಿಮಗಾದರೆ ಹೇಳಬಹುದು, ಯಾಕೆಂದರೆ ನೀವು ನಮ್ಮೂರಿನವರಲ್ಲ. ನಮ್ಮೂರಿನವರು ನನ್ನನ್ನು ಬಹಳ ದೊಡ್ಡ ಮನುಷ್ಯ ಎಂದುಕೊಂಡಿದ್ದಾರೆ.

ನಮ್ಮೂರು ಎಂದರೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಲ್ಲಿ, ಇಳಿಯಬೇಕಾದರೆ ಕಂಡಕ್ಟರಿಗೆ ಎರಡು ಸಲ ನೆನಪಿಸಬೇಕಾದ ಒಂದು ಸ್ಟಾಪು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಾನು ಇಲ್ಲೇ ನಿವೃತ್ತನಾದೆ. ನಿವೃತ್ತರಾದ ಮೇಷ್ಟ್ರುಗಳಿಗೆ ಒಂದೊಂದು ಕಾಯಿಲೆ ಅಂಟುತ್ತದೆ. ಕೆಲವರಿಗೆ ಸಕ್ಕರೆ, ಕೆಲವರಿಗೆ ದೇವಸ್ಥಾನದ ಕಮಿಟಿ. ನನಗೆ ಅಂಟಿದ್ದು ಕೊಳ. ಹಳೇ ಶಿಷ್ಯನೊಬ್ಬನ ಹೋಂಸ್ಟೇಯಲ್ಲಿ ತಾವರೆ, ಕೆಂಪು ಮೀನು, ಸುತ್ತ ನುಣ್ಣನೆಯ ಕಲ್ಲು ಇರುವ ಒಂದು ಪುಟ್ಟ ಕೊಳ ನೋಡಿ ಬಂದ ದಿನವೇ ನನ್ನ ಹಿತ್ತಿಲನ್ನು ಅಳೆಯತೊಡಗಿದೆ. ನನ್ನ ಹೆಂಡತಿ ಸುಮತಿ ಬಾಗಿಲಲ್ಲಿ ನಿಂತು, “ಐದು ತಿಂಗಳು ಮಳೆ ಹೊಯ್ಯುವ ಊರಲ್ಲಿ ನೀರಿಗೆ ಗುಂಡಿ ತೋಡುವವರು ನೀವೊಬ್ಬರೇ” ಎಂದಳು. ಅವಳ ಮಾತನ್ನು ನಾನು ಪ್ರೋತ್ಸಾಹವೆಂದು ತೆಗೆದುಕೊಂಡೆ.

ಹತ್ತಡಿ ಉದ್ದ, ಏಳಡಿ ಅಗಲದ ಕೊಳ ತಯಾರಾಯಿತು. ಊರಿನವರು ಒಬ್ಬೊಬ್ಬರಾಗಿ ಬಂದು ನೋಡಿದರು. “ಎಮ್ಮೆಗಾ ಮಾಷ್ಟ್ರೆ?” ಎಂದು ಒಬ್ಬರು ವಿಚಾರಿಸಿದರು. ಅಲಂಕಾರಕ್ಕೆ ಎಂದು ಹೇಳಿದಾಗ ಅವರು ನನ್ನ ಮುಖವನ್ನೂ ಕೊಳವನ್ನೂ ಎರಡೆರಡು ಸಲ ನೋಡಿ, ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನೇನೋ ಆಗುತ್ತದೆ ಎಂಬಂತೆ ತಲೆಯಾಡಿಸಿ ಹೋದರು. ನನಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ತಲಕಾವೇರಿಯ ಕುಂಡಿಕೆಗಿಂತ ನನ್ನ ಕೊಳ ದೊಡ್ಡದು ಎಂದು ಬಂದ ನೆಂಟರೆದುರು ಒಮ್ಮೆ ಹೇಳಿಯೂಬಿಟ್ಟಿದ್ದೇನೆ. ಅಳತೆಯ ಮಟ್ಟಿಗೆ ಅದು ನಿಜವೇ. ಆದರೆ ಅದರಿಂದ ಒಂದು ನದಿ ಹುಟ್ಟುತ್ತದೆ, ಇದರಿಂದ ಸೊಳ್ಳೆ ಹುಟ್ಟುತ್ತದೆ ಎಂದು ಸುಮತಿ ಅವರೆದುರೇ ತಿದ್ದಿದಳು.

ಎಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಪಂಚಾಂಗದಲ್ಲಿ ಋತುಗಳು ಆರು, ಎಲೆ ಉದುರಿಸುವ ಕೆಲಸವನ್ನು ಶಿಶಿರಕ್ಕೆ ವಹಿಸಿಕೊಟ್ಟಿದ್ದಾರೆ. ನಾವು ಇಂಗ್ಲಿಷ್ ಪಾಠದಲ್ಲಿ ಓದಿದ ದೇಶಗಳಲ್ಲಾದರೆ ಅದಕ್ಕೆಂದೇ ಒಂದು ಇಡೀ ಕಾಲವಿದ್ದು, ಜನ ಕೋಟು ಹಾಕಿಕೊಂಡು ಹೋಗಿ ಎಲೆ ನೋಡಿ ಬರುತ್ತಾರಂತೆ. ಕೊಡಗಿನಲ್ಲಿ ನನ್ನ ಲೆಕ್ಕಕ್ಕೆ ಇರುವುದು ಮೂರೇ ಕಾಲ: ಮಳೆ, ಮಳೆ ನಿಂತದ್ದು, ಮಳೆಗೆ ಕಾಯುವುದು. ಈ ಎರಡನೆಯದರಲ್ಲಿ, ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ಸುರುವಾಗುವ ಹೊತ್ತಿಗೆ, ನಮ್ಮ ಪಕ್ಕದ ಮನೆಯ ಬಸರಿ ಮರ ತನ್ನ ಎಲೆಗಳನ್ನೆಲ್ಲ ಹಳದಿ ಮಾಡಿ, ಗಾಳಿಗೆ ಒಂದು ಮಾತು ಹೇಳಿ, ಇಡೀ ಮರವನ್ನು ನನ್ನ ಕೊಳಕ್ಕೆ ಕೊಡವಿತು. ಕೊಳ ತೋಡುವಾಗ ನಾನು ಬಿಸಿಲು ನೋಡಿದ್ದೆ, ಇಳಿಜಾರು ನೋಡಿದ್ದೆ, ತಲೆಯೆತ್ತಿ ಮರವೊಂದನ್ನು ನೋಡಿರಲಿಲ್ಲ.

ಎಲೆ ನೀರಿಗೆ ಬಿದ್ದರೆ ಕೊಳೆಯುತ್ತದೆ, ಕೊಳೆತರೆ ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಕಡಿಮೆಯಾದರೆ ಮೀನು ಸಾಯುತ್ತದೆ. ಇದನ್ನು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮೊದಲ ವಾರದಲ್ಲೇ ನನ್ನ ಕೆಂಪು ಮೀನುಗಳಲ್ಲಿ ಮೂರು ಹೊಟ್ಟೆ ಮೇಲೆ ಮಾಡಿ ತೇಲಿದವು. ಅವುಗಳನ್ನು ಮಣ್ಣು ಮಾಡಿ ಬಂದವನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮರವೋ ಅವರದೇ ಎಲೆ ಎಂದು ತೀರ್ಪು ಕೊಟ್ಟೆ. ಮರುದಿನದಿಂದ ಬೆಳಗ್ಗೆ ಎದ್ದವನೇ ಬಿದಿರಿನ ಜರಡಿಯಲ್ಲಿ ಎಲೆಗಳನ್ನು ಬಾಚಿ, ನೀರು ಬಸಿದು, ಆಚೀಚೆ ನೋಡಿ, ದಾಸವಾಳದ ಬೇಲಿ ತಗ್ಗಾಗಿರುವ ಮೂಲೆಯಲ್ಲಿ ನಿಂತು ಎತ್ತಿ ಆಚೆಗೆ ಎಸೆಯತೊಡಗಿದೆ. ಎಸೆಯುವಾಗ ಬಾಯಲ್ಲಿ ಒಂದೆರಡು ಮಾತು ಬರುತ್ತಿದ್ದವು. ಕ್ಲಾಸಿನಲ್ಲಿ ಕಾಗದದ ಚೂರು ಎಸೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಾನು.

ಆಚೆ ಇರುವುದು ಸೀತಕ್ಕನ ಮನೆ. ಅರೆಭಾಷೆ ಗೌಡರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಮಗ ಬಸ್ಸಿನ ಡ್ರೈವರು, ಸೊಸೆ ಅಂಗನವಾಡಿ ಟೀಚರು, ಹಾಗಾಗಿ ಹಗಲಿಡೀ ಮನೆಯಲ್ಲಿ ಸೀತಕ್ಕ ಮತ್ತು ಗೌರಿ. ಗೌರಿ ಎಂದರೆ ಹಸು. ಮನೆಯೊಳಗೆ ಅವರ ಮಾತು ಅರೆಭಾಷೆಯಲ್ಲಿ, ನನ್ನ ಹತ್ತಿರ ಮಾತ್ರ ಸ್ವಲ್ಪ ಬಟ್ಟೆ ಬದಲಾಯಿಸಿದಂಥ ಕನ್ನಡದಲ್ಲಿ. ಒಂದು ಬೆಳಗ್ಗೆ ನಾನು ಎಲೆ ಎಸೆದ ಕೂಡಲೇ ಆಚೆಯಿಂದ “ಮಾಷ್ಟ್ರೆ” ಎಂದು ಅವರು ಕರೆದದ್ದು ಕೇಳಿಸಿತು. ನಾನು ದಾಸವಾಳದ ಹಿಂದೆ ಕುಕ್ಕರುಗಾಲಲ್ಲಿ ಕೂತು, ಜರಡಿಯನ್ನು ತಲೆಗೆ ಮರೆಯಾಗಿ ಹಿಡಿದು, ಅವರು ಒಳಗೆ ಹೋಗುವವರೆಗೆ ಉಸಿರು ಬಿಡಲಿಲ್ಲ. ನನಗೆ ಆಗ ಅರುವತ್ತೆರಡು ವರ್ಷ.

ವಾರ ಕಳೆದಿರಬೇಕು. ಹೆಂಗಸರ ಸಂಘದ ಮೀಟಿಂಗಿಗೆ ಹೋಗಿದ್ದ ಸುಮತಿ ಮನೆಗೆ ಬಂದವಳೇ ಜಗಲಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದಳು. ನೀರು ಕುಡಿದು, ಕಣ್ಣೊರೆಸಿಕೊಂಡು ಹೇಳಿದಳು. ಸಂಘದಲ್ಲಿ ಸೀತಕ್ಕ ಎದ್ದು ನಿಂತು ಎಲ್ಲರೆದುರು ನನ್ನನ್ನು ಹೊಗಳಿದರಂತೆ.

“ನನ್ನ ಮೊಣಗಂಟು ನೋವು ಮಾಷ್ಟ್ರಿಗೆ ಹೇಗೆ ಗೊತ್ತಾಯ್ತೋ. ತೋಟದ ಬರೆ ಹತ್ತಿ ತರಗೆಲೆ ತರ್ಲಿಕ್ಕೆ ಈ ವರ್ಷ ನನ್ನಿಂದ ಆಗುದಿಲ್ಲ. ಗೌರಿಗೆ ಹಾಸ್ಲಿಕ್ಕೆ ಎಂತ ಮಾಡುದು ಅಂತ ಇದ್ದೆ. ಅವ್ರು ದಿನಾ ಬೆಳಗ್ಗೆ ಎದ್ದು, ಎಲೆ ಒಟ್ಟು ಮಾಡಿ, ನಮ್ಮ ಹಟ್ಟಿ ಬಾಗ್ಲಿಗೇ ಹಾಕಿ ಹೋಗ್ತಾರೆ. ನಿಮ್ಮ ಮರದ್ದು ನಿಮಗೇ ಸೇರ್ಬೇಕು ಅಂತ. ಒಂದು ದಿನ ಕರೆದೆ, ಮುಖ ಕೂಡ ತೋರಿಸ್ಲಿಲ್ಲ. ಅಷ್ಟು ಸಂಕೋಚದ ಮನುಷ್ಯ.”

ಪೇಟೆಯ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ತರಗೆಲೆ ಕಸವಲ್ಲ. ಹಟ್ಟಿಯಲ್ಲಿ, ಅಂದರೆ ಕೊಟ್ಟಿಗೆಯಲ್ಲಿ, ಹಸುವಿನ ಕೆಳಗೆ ಅದನ್ನು ದಪ್ಪಗೆ ಹಾಸುತ್ತಾರೆ. ಚಳಿಗೆ ಹಸು ಬೆಚ್ಚಗಿರುತ್ತದೆ, ಆಮೇಲೆ ಸೆಗಣಿ ಸೇರಿ ಅದೇ ಕಾಫಿ ಗಿಡಕ್ಕೆ ಗೊಬ್ಬರವಾಗುತ್ತದೆ. ಎಲೆ ತರಲೆಂದೇ ಹೆಂಗಸರು ಬೆಳಗ್ಗೆ ಬುಟ್ಟಿ ಹಿಡಿದು ತೋಟದ ಬರೆ, ಎಂದರೆ ಇಳಿಜಾರು, ಹತ್ತುತ್ತಾರೆ. ನಾನು ಸೀತಕ್ಕನ ಅಡುಗೆಮನೆಯ ಕಿಟಕಿಗೆ ಕಾಣದಿರಲಿ ಎಂದು ಹುಡುಕಿ ಆರಿಸಿದ ಆ ಮೂಲೆ ನೇರವಾಗಿ ಅವರ ಹಟ್ಟಿಯ ಬಾಗಿಲಿಗೆ ಬರುತ್ತಿತ್ತು. ಒದ್ದೆ ಎಲೆಗಳನ್ನು ಸೀತಕ್ಕ ಕಾಫಿ ಒಣಗಿಸುವ ಕಣದಲ್ಲಿ ಹರಡಿ, ಒಣಗಿಸಿ, ಗೌರಿಗೆ ಹಾಸುತ್ತಿದ್ದರಂತೆ. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಪಾಠ ಹೇಳಿದರೂ ಅವರ ತಾಯಂದಿರು ಬುಟ್ಟಿಯಲ್ಲಿ ಏನು ಹೊರುತ್ತಾರೆಂದು ನಾನು ಒಮ್ಮೆಯೂ ಯೋಚಿಸಿದವನಲ್ಲ.

ಬೈಗುಳವನ್ನು ಮನುಷ್ಯ ತಡೆದುಕೊಳ್ಳಬಲ್ಲ. ತಿರುಗಿ ಬೈದರಾಯಿತು, ಇಲ್ಲವೇ ಕಿವುಡನಂತೆ ನಡೆದರಾಯಿತು. ಮಾಡದ ಒಳ್ಳೆಯ ಕೆಲಸಕ್ಕೆ ಹೊಗಳಿಸಿಕೊಂಡವನ ಪಾಡು ಬೇರೆ. ಅವನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹಾಲಿನ ಡೈರಿಯ ಹತ್ತಿರ ಹೋದರೆ ಜನ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಬಿದ್ದ ಎಲೆಯನ್ನೂ ಇಟ್ಟುಕೊಳ್ಳದ ಮನುಷ್ಯ ಎಂದು ಒಬ್ಬರು ಇನ್ನೊಬ್ಬರಿಗೆ ನನ್ನನ್ನು ತೋರಿಸಿದರು. ಹಲಸಿನ ಮರದ ವಿಷಯದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದು ಸಂಜೆ ಒಟ್ಟಿಗೇ ನಮ್ಮ ಮನೆಗೆ ಬಂದು, “ನೀವು ಎಂತ ಹೇಳ್ತೀರೋ ಅದಕ್ಕೆ ನಾವು ಒಪ್ತೇವೆ ಮಾಷ್ಟ್ರೆ” ಎಂದು ಜಗಲಿಯಲ್ಲಿ ಕೂತರು. ನಾನು ಜ್ವರ ಎಂದು ಹೇಳಿಸಿ ಒಳಗೆ ಕಂಬಳಿ ಹೊದ್ದು ಮಲಗಿದೆ. ಸುಮತಿ ಅವರಿಗೆ ಕಾಫಿ ಕೊಟ್ಟು ಕಳಿಸಿ, ಬಂದು, “ಇಷ್ಟೆಲ್ಲ ಕಷ್ಟಪಡುವ ಬದಲು ಆಚೆ ಮನೆಗೆ ಹೋಗಿ ನಿಜ ಹೇಳಿ ಬರಬಾರದಾ?” ಎಂದಳು.

ಹೇಳಬಹುದಿತ್ತು. ಆದರೆ ನನ್ನ ತಲೆ ಓಡಿದ್ದು ಬೇರೆ ಕಡೆಗೆ. ಎಲೆ ಕೊಳಕ್ಕೆ ಬೀಳದಿದ್ದರೆ ಎಸೆಯುವ ಪ್ರಶ್ನೆಯಿಲ್ಲ, ಎಸೆಯದಿದ್ದರೆ ಹೊಗಳಿಕೆಯಿಲ್ಲ, ಹೊಗಳಿಕೆಯಿಲ್ಲದಿದ್ದರೆ ನಾಚಿಕೆಯಿಲ್ಲ. ಕುಶಾಲನಗರಕ್ಕೆ ಹೋಗಿ ಹಸಿರು ನೈಲಾನ್ ಬಲೆ ತಂದೆ. ತರಕಾರಿ ಮಡಿಗೆ ಕೋಳಿ ನುಗ್ಗದಂತೆ ಕಟ್ಟುತ್ತಾರಲ್ಲ, ಅದು. ನಾಲ್ಕು ಮೂಲೆಗೆ ಗೂಟ ಹೊಡೆದು ಅಂಚಿಗೆಲ್ಲ ಕಲ್ಲು ಹೇರಿದೆ. ಒಂದೇ ದಿನದಲ್ಲಿ ಬಲೆ ಎಲೆಯ ಭಾರಕ್ಕೆ ನಡುವಲ್ಲಿ ಜೋತು, ಹೊಟ್ಟೆ ನೀರಿಗೆ ತಾಗಿತು. ತಾವರೆ ಕಾಣದು, ಮೀನು ಕಾಣದು, ನೀರೇ ಕಾಣದು. ದಿನಾ ಬಂದು ಕೂರುತ್ತಿದ್ದ ಮಿಂಚುಳ್ಳಿಯೊಂದು ಕಲ್ಲಿನ ಮೇಲೆ ಕೂತು ಬಲೆಯನ್ನು ಅತ್ತಿಂದಿತ್ತ ನೋಡಿ ಹಾರಿಹೋದದ್ದು ಮತ್ತೆ ಬರಲಿಲ್ಲ. ಅಂದಕ್ಕೆಂದು ಕೊಳ ಮಾಡಿ, ಅದನ್ನು ಕಣ್ಣಿಗೆ ಕಾಣದಂತೆ ಮುಚ್ಚಿ, ಮುಚ್ಚಿದ್ದರ ಕಾವಲಿಗೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ.

ಬಲೆಯ ಮೇಲಿನ ಎಲೆಯನ್ನಾದರೂ ಎಲ್ಲಿ ಹಾಕುವುದು? ಎಸೆದರೆ ದಾನಶೂರನಾಗುತ್ತೇನೆ. ಹಾಗಾಗಿ ಹಿತ್ತಿಲ ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಟ್ಟೆ. ಚಳಿಯ ಬೆಳಗು, ಮಂಜು ಇನ್ನೂ ಎದ್ದಿರಲಿಲ್ಲ. ಹೊಗೆ ಮೇಲಕ್ಕೆ ಹೋಗದೆ ನೆಲಹಿಡಿದು, ಬೇಲಿ ನುಸುಳಿ, ನೇರ ಸೀತಕ್ಕನ ಹಟ್ಟಿಗೆ ಹೋಯಿತು.

ಮೂರನೆಯ ದಿನ ಸೀತಕ್ಕ ಬಂದರು. ಬೇಲಿಯ ಹತ್ತಿರವಲ್ಲ, ರಸ್ತೆಗೆ ಇಳಿದು, ಸುತ್ತು ಬಳಸಿ, ಗೇಟಿನಿಂದ, ಆ ಮೊಣಗಂಟು ಹಿಡಿದುಕೊಂಡು. ಸೆರಗಿನಲ್ಲಿ ನಾಲ್ಕು ಕಿತ್ತಳೆ ಹಣ್ಣು ಕಟ್ಟಿ ತಂದಿದ್ದರು. ಹಣ್ಣನ್ನು ಸುಮತಿಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ ಕೇಳಿದರು: “ನನ್ನಿಂದ ಎಂತಾದ್ರೂ ತಪ್ಪಾಯ್ತಾ ಮಾಷ್ಟ್ರೆ? ಸಂಘದಲ್ಲಿ ಹೇಳಿದ್ದು ನಿಮಗೆ ಸರಿ ಕಾಣ್ಲಿಲ್ವಾ?”

ನೆಲ ಬಿರಿದು ನನ್ನನ್ನು ನುಂಗಬಾರದೆ ಎನ್ನಿಸಿತು. ಅವರ ಕಣ್ಣು ಬೂದಿಯ ಗುಡ್ಡೆಯ ಮೇಲಿತ್ತು. ಎಲೆ ಸುಡುವುದೆಂದರೆ ಅವರಿಗೆ ಅನ್ನ ಚೆಲ್ಲಿದ ಹಾಗೆ ಎಂದು ಆ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಆ ಕ್ಷಣ ನಿಜ ಹೇಳಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಅಡ್ಡ ಬಂದ. “ಹಾಗಲ್ಲ ಸೀತಕ್ಕ. ಬಸರಿ ಎಲೆಗೆ ಈ ವರ್ಷ ಒಂದು ಥರದ ಫಂಗಸ್ ಬಂದಿದೆ. ಅದಕ್ಕೇ ಸುಡ್ತಾ ಇದ್ದೇನೆ” ಎಂದೆ.

“ಕೊಳೆರೋಗದ ಹಾಗೆಯಾ?”

“ಹೆಚ್ಚುಕಮ್ಮಿ ಹಾಗೇ.”

“ಹಸುವಿಗೆ ಎಂತಾದ್ರೂ ಆಗ್ತದಾ? ಗಬ್ಬದ ಹಸು ಅದು.”

“ಹೇಳ್ಲಿಕ್ಕಾಗುದಿಲ್ಲ. ಜಾಗ್ರತೆ ಒಳ್ಳೇದು” ಎಂದೆ ನಾನು, ಕನ್ನಡಕ ಸರಿಮಾಡಿಕೊಂಡು. ಸೀತಕ್ಕ ಕೈಮುಗಿದರು. ಒಳ್ಳೆ ಸಮಯಕ್ಕೆ ಹೇಳಿದಿರಿ ಎಂದು ಎರಡು ಸಲ ಹೇಳಿ, ಬಂದದ್ದಕ್ಕಿಂತ ಬೇಗ ಹೊರಟರು. ಹತ್ತು ನಿಮಿಷದ ಮಟ್ಟಿಗೆ ನನಗೆ ನನ್ನ ಬುದ್ಧಿಯ ಮೇಲೆ ಅಭಿಮಾನವೇ ಬಂತು. ಸುಮತಿ ಕಿತ್ತಳೆ ಹಣ್ಣನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಮರುದಿನ ಬೆಳಗ್ಗೆ ಕೊಳದ ಹತ್ತಿರ ಹೋದಾಗ ಆಚೆಯಿಂದ ಹೊಗೆ ಬರುತ್ತಿತ್ತು. ಬೇಲಿ ತಗ್ಗಾದ ಮೂಲೆಯಲ್ಲಿ ನಿಂತು ಇಣುಕಿದೆ. ಸೀತಕ್ಕ ಹಟ್ಟಿಯಲ್ಲಿ ಹಾಸಿದ್ದ ಎಲೆಯನ್ನೆಲ್ಲ ಹೊರಗೆ ಎಳೆದು ಹಾಕಿ ಸುಡುತ್ತಿದ್ದರು. ಒಣಗಿಸಿ ಕೂಡಿಟ್ಟದ್ದೂ ಬೆಂಕಿಯಲ್ಲಿತ್ತು. ಬಗ್ಗಲಾರದೆ ಒಂದು ಕೈ ಗೋಡೆಗೆ ಕೊಟ್ಟು ಇನ್ನೊಂದು ಕೈಯಲ್ಲಿ ಎಳೆಯುತ್ತಿದ್ದರು. ಹಟ್ಟಿಯೊಳಗೆ ಬರಿಯ ಚಪ್ಪಡಿ ಕಲ್ಲು. ಅದರ ಮೇಲೆ ಗೌರಿ, ತುಂಬಿದ ಹೊಟ್ಟೆ, ಚಳಿಗೆ ಮೈ ನವಿರೆದ್ದು ನಿಂತಿತ್ತು. ಮಲಗಲಿಕ್ಕೆಂದು ಒಂದು ಕಡೆ ಎರಡು ಗೋಣಿ, ಗೋಣಿಯ ಮೇಲೆ ಒಂದು ಕಪ್ಪು ಕಂಬಳಿ ಹಾಸಿತ್ತು. ಆ ಕಂಬಳಿ ನನಗೆ ಗೊತ್ತು. ಮಳೆಗಾಲವಿಡೀ ಸೀತಕ್ಕ ಅದನ್ನೇ ಹೊದೆಯುವುದು.

ನಾನು ರಸ್ತೆಗೆ ಇಳಿದೆ. ಬೇಲಿಯ ಮೂಲೆಯಿಂದ ಅವರ ಹಟ್ಟಿಗೆ ನಾಲ್ಕು ಹೆಜ್ಜೆ, ಗೇಟಿನಿಂದ ಗೇಟಿಗೆ ಇನ್ನೂರಕ್ಕೂ ಮಿಕ್ಕಿ. ಆ ಹೆಜ್ಜೆಗಳಲ್ಲಿ ಮೂರು ಬೇರೆ ಬೇರೆ ಸುಳ್ಳು ಹೊಳೆದವು. ಫಂಗಸ್ ಸತ್ತುಹೋಗಿದೆ ಎನ್ನಬಹುದು, ಪೇಪರಿನಲ್ಲಿ ಓದಿ ಹೇಳಿದ್ದೆ, ಅದು ತಪ್ಪಂತೆ ಎನ್ನಬಹುದು, ಬೇರೆ ಮರಕ್ಕೆ ಬಂದದ್ದನ್ನು ನಾನು ಬಸರಿ ಎಂದುಕೊಂಡೆ ಎನ್ನಬಹುದು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹಟ್ಟಿಯ ಬಾಗಿಲಿಗೆ ಬಂದಾಗ ಗೌರಿ ತಲೆಯೆತ್ತಿ ನನ್ನನ್ನು ನೋಡಿತು.

“ಸೀತಕ್ಕ, ಎಲೆಗೆ ರೋಗ ಇಲ್ಲ. ನಾನು ಸುಳ್ಳು ಹೇಳಿದೆ.”

ಅವರು ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದರು. “ರೋಗ ಇಲ್ವಾ?”

“ಇಲ್ಲ.”

“ಹಸುವಿಗೆ ಎಂತ ಆಗುದಿಲ್ಲ ಅಲ್ವಾ?”

“ಎಂತದೂ ಆಗುದಿಲ್ಲ.”

ಅವರು ಗೌರಿಯ ಬೆನ್ನ ಮೇಲೆ ಕೈಯಿಟ್ಟು ದೊಡ್ಡ ಉಸಿರು ಬಿಟ್ಟರು. ಆಗ ನಾನು ಉಳಿದದ್ದನ್ನೂ ಹೇಳಿಬಿಟ್ಟೆ. ಮೀನು ಸತ್ತದ್ದು, ಸಿಟ್ಟು ಬಂದದ್ದು, ಅವರ ಮೊಣಗಂಟು ನೋವು ನನಗೆ ಗೊತ್ತೇ ಇರದಿದ್ದದ್ದು, ಬೈದುಕೊಂಡು ಎಸೆಯುತ್ತಿದ್ದದ್ದು, ಅವರು ಕರೆದಾಗ ದಾಸವಾಳದ ಹಿಂದೆ ಅಡಗಿ ಕೂತದ್ದು. ಹೇಳುತ್ತ ಹೇಳುತ್ತ ನಾನು ಚಪ್ಪಡಿ ಕಲ್ಲನ್ನೇ ನೋಡುತ್ತಿದ್ದೆ. ಮುಗಿದ ಮೇಲೂ ತಲೆಯೆತ್ತುವ ಧೈರ್ಯವಾಗಲಿಲ್ಲ. ಸೀತಕ್ಕ ಬಹಳ ಹೊತ್ತು ಹಸುವಿನ ಬೆನ್ನು ಸವರುತ್ತಲೇ ಇದ್ದರು.

“ಸಿಟ್ಟಲ್ಲಿ ಹಾಕಿದ್ದು ಅಂತ ಗೌರಿಗೆ ಗೊತ್ತಾಗ್ಲಿಲ್ಲ ಮಾಷ್ಟ್ರೆ” ಎಂದರು ಕೊನೆಗೆ. “ಬೆಚ್ಚಗೆ ಮಲಗಿತ್ತು.” ಮತ್ತೆ ನನ್ನನ್ನು ನೋಡದೆಯೇ ಹೇಳಿದರು: “ರೋಗ ಅಂತ ಹೇಳಿದ್ದೊಂದು ಬೇಡ ಇತ್ತು.”

ಅಷ್ಟೇ. ಬೈಯಲಿಲ್ಲ, ನಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ನಾನು ಕಂಬಳಿಯನ್ನು ಎತ್ತಿ, ಕೊಡವಿ, ಮಡಚಿ ಅವರ ಕೈಗೆ ಕೊಟ್ಟೆ. ಮನೆಗೆ ಬಂದು ಬಲೆ ಬಿಚ್ಚಿದೆ. ಬಲೆಯ ಹೊಟ್ಟೆಯಲ್ಲಿದ್ದ ಎಲೆಯನ್ನೆಲ್ಲ ಬುಟ್ಟಿಗೆ ತುಂಬಿ, ರಸ್ತೆಯಲ್ಲಿ ಹೊತ್ತುಕೊಂಡು ಹೋಗಿ, ಅವರ ಕಣದಲ್ಲಿ ಹರಡಿದೆ. ಅದು ಒಣಗುವವರೆಗೆ ಆಗಲೆಂದು ತೋಟದ ಬರೆ ಹತ್ತಿ ಒಣ ತರಗೆಲೆಯನ್ನೂ ತಂದೆ. ಎರಡು ಬುಟ್ಟಿಗೇ ನನ್ನ ಸೊಂಟ ಹಿಡಿಯಿತು. ದಾರಿಯಲ್ಲಿ ಸಿಕ್ಕಿದವರು, ಈ ವಯಸ್ಸಿನಲ್ಲಿ ಮಾಷ್ಟ್ರು ಎಲೆ ಕೂಡ ಹೊತ್ತು ಕೊಡುತ್ತಾರೆ ಎಂದು ಮಾತಾಡಿಕೊಂಡರು. ಒಬ್ಬಿಬ್ಬರಿಗೆ ನಿಂತು ನಿಜ ಹೇಳಲು ನೋಡಿದೆ. ಎಷ್ಟು ಸಂಕೋಚದ ಮನುಷ್ಯ ಎಂದು ಅವರು ನಕ್ಕು ಹೋದರು. ಸೀತಕ್ಕ ಆ ಬಗ್ಗೆ ಸಂಘದಲ್ಲಿ ಒಂದು ಮಾತೂ ಆಡಿಲ್ಲವೆಂದು ಸುಮತಿ ಹೇಳುತ್ತಾಳೆ. ಹಲಸಿನ ಮರದ ಅಣ್ಣತಮ್ಮಂದಿರು ಇನ್ನೂ ನನ್ನ ಜ್ವರ ಬಿಡಲೆಂದು ಕಾಯುತ್ತಿದ್ದಾರೆ.

ಗೌರಿ ಹೆಣ್ಣು ಕರು ಹಾಕಿತು. ಬಸರಿ ಈಗ ಹೊಸ ಎಲೆ ಬಿಟ್ಟಿದೆ, ಆದರೂ ದಿನಕ್ಕೆ ಒಂದಿಷ್ಟು ಹಳೆಯದು ಬೀಳುತ್ತದೆ. ಬಲೆ ಸುಮತಿಯ ಹರಿವೆ ಸೊಪ್ಪಿನ ಮಡಿಯ ಮೇಲಿದೆ. ಕೊಳದಲ್ಲಿ ಉಳಿದ ಮೀನುಗಳು ಆರಾಮವಾಗಿವೆ, ಯಾಕೆಂದರೆ ಬೆಳಗ್ಗೆ ಎದ್ದು ಎಲೆ ಬಾಚುವುದನ್ನು ನಾನು ಬಿಟ್ಟಿಲ್ಲ. ಬಾಚಿದ್ದನ್ನು ಬುಟ್ಟಿಯಲ್ಲಿ ಹೊತ್ತು ಗೇಟಿನಿಂದಲೇ ಹೋಗುತ್ತೇನೆ. ಒಳ್ಳೆಯವನಾಗುವುದಕ್ಕೆ ಇನ್ನೂರು ಹೆಜ್ಜೆ ಬೇಕು, ಆಗದಿರುವುದಕ್ಕೆ ಒಮ್ಮೆ ಕೈ ಬೀಸಿದರೆ ಸಾಕು ಎಂಬಷ್ಟು ವಿಜ್ಞಾನ ಈ ವಯಸ್ಸಿಗೆ ತಲೆಗೆ ಹೋಗಿದೆ. ಆದರೆ ಚಳಿಗೆ ಕೆಲವು ದಿನ ಏಳುವುದು ತಡವಾಗುತ್ತದೆ. ಅಂಥ ದಿನ ನಾನು ಕೊಳದ ಹತ್ತಿರ ಬರುವುದನ್ನೇ ಕಾದು, ದಾಸವಾಳದ ಆಚೆಯಿಂದ ಸೀತಕ್ಕ ಕೇಳುತ್ತಾರೆ:

“ಎಂತ ಮಾಷ್ಟ್ರೆ, ಇವತ್ತು ಸಿಟ್ಟು ಬರ್ಲಿಲ್ವಾ?”